ಸಾವಂದಿ ಎಂಬ ಹೆಸರು ಮತ್ತು ಆಕರಗಳ ವಿಶ್ವಾಸಾರ್ಹತೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಚರಿತ್ರೆಯನ್ನಾಗಲಿ ಇಂದಿನ ಸಂಗತಿಗಳನ್ನಾಗಲಿ ಓದಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ಒಂದು ಪುಸ್ತಕ ಹೇಳಿದ್ದನ್ನು ಇನ್ನೊಂದು ಒಪ್ಪದಿರುವುದು. ಈ ನಾಲ್ಕು ತಾಲ್ಲೂಕುಗಳು ಯಾವ ಜಿಲ್ಲೆಯಲ್ಲಿವೆ ಎಂಬಷ್ಟು ಸರಳವಾದ ಪ್ರಶ್ನೆಗೂ ಆಕರ ಗ್ರಂಥಗಳು, ಅಂದರೆ ಮಾಹಿತಿಗಾಗಿ ತೆರೆದು ನೋಡುವ ಕೋಶ, ಗೆಜೆಟಿಯರ್ ಮೊದಲಾದ ಪುಸ್ತಕಗಳು, ಬೇರೆ ಬೇರೆ ಉತ್ತರ ಕೊಡುತ್ತವೆ. ಅವು ಮೊದಲು ಬೆಂಗಳೂರು ಜಿಲ್ಲೆಯಲ್ಲಿದ್ದವು, 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದವು, 2007ರಲ್ಲಿ ರಾಮನಗರ ಜಿಲ್ಲೆಯಾದವು, 2025ರಲ್ಲಿ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. 1980ರಲ್ಲಿ ಮಾಗಡಿಯಲ್ಲಿ ಹುಟ್ಟಿ ಇಂದಿಗೂ ಅದೇ ಮನೆಯಲ್ಲಿರುವವರು ಹೊಸಿಲು ದಾಟದೆಯೇ ನಾಲ್ಕು ಜಿಲ್ಲೆಗಳ ನಿವಾಸಿಗಳಾಗಿದ್ದಾರೆ. ಈ ನಾಲ್ಕು ಉತ್ತರಗಳಲ್ಲಿ ಯಾವುದೂ ಸುಳ್ಳಲ್ಲ. ಪ್ರತಿಯೊಂದೂ ಬರೆದ ಕಾಲಕ್ಕೆ ನಿಜವಾಗಿತ್ತು. ಆದ್ದರಿಂದ ವಿಶ್ವಾಸಾರ್ಹತೆಯನ್ನು ಅಳೆಯಹೊರಟಾಗ ಗಟ್ಟಿ ರಟ್ಟಿನ ಸಂಪುಟವೋ ಮೊಬೈಲಿನ ಪರದೆಯೋ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ: ಈ ಮಾತು ಯಾವ ಕಾಲದ್ದು, ಮತ್ತು ಇದನ್ನು ಮೊದಲು ಕಂಡವರು ಯಾರು?

ಮಾಗಡಿಯ ಸಾವನದುರ್ಗದ ಹೆಸರನ್ನೇ ತೆಗೆದುಕೊಂಡರೆ ಈ ಪ್ರಶ್ನೆಗಳ ಬೆಲೆ ತಿಳಿಯುತ್ತದೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಬೆಟ್ಟದ ಹೆಸರಿಗೆ ಮೂರು ವಿವರಣೆಗಳು ಚಾಲ್ತಿಯಲ್ಲಿವೆ. ಬೆಟ್ಟದ ಕಡಿದಾದ ಬಂಡೆಗಳನ್ನೂ ಅಲ್ಲಿ ನಡೆದ ಮುತ್ತಿಗೆಗಳನ್ನೂ ನೆನೆದು ಇದು 'ಸಾವಿನ ದುರ್ಗ' ಎನ್ನುವವರಿದ್ದಾರೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಮಾಗಡಿ ಸೀಮೆಯನ್ನು ನೋಡಿಕೊಳ್ಳುತ್ತಿದ್ದ ಸಾಮಂತರಾಯನೆಂಬ ಅಧಿಕಾರಿಯಿಂದ 'ಸಾಮಂತದುರ್ಗ' ಎಂಬ ಹೆಸರು ಬಂದು ಅದೇ ಸವೆದು ಸಾವನದುರ್ಗವಾಯಿತು ಎಂಬುದು ಎರಡನೆಯದು. ಮಾಗಡಿ ತಾಲ್ಲೂಕಿನ ಮಾಡಬಾಳ್‌ನಲ್ಲಿ ಸಿಕ್ಕ, ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1340ರ ಶಾಸನವೊಂದು ಈ ಸ್ಥಳವನ್ನು 'ಸಾವಂದಿ' ಎಂದು ಕರೆದಿರುವುದು ಮೂರನೆಯದಕ್ಕೆ ಆಧಾರ. ಮೊದಲಿನ ಎರಡು ವಿವರಣೆಗಳು ಕೇಳಲು ಸೊಗಸಾಗಿವೆ, ಆದರೆ ಸಾಮಂತದುರ್ಗ ಎಂಬ ಹೆಸರನ್ನು ಹೇಳುವ ಶಾಸನವಿಲ್ಲ. ಅಚ್ಯುತರಾಯ ಪಟ್ಟಕ್ಕೆ ಬಂದದ್ದು 1529ರಲ್ಲಿ, ಅಂದರೆ 'ಸಾವಂದಿ' ಎಂದು ಕಲ್ಲಿನಲ್ಲಿ ಕೊರೆದ ಸುಮಾರು 190 ವರ್ಷಗಳ ನಂತರ. ಹೆಸರು ಮೊದಲೇ ಇದ್ದಮೇಲೆ ಆಮೇಲೆ ಬಂದ ಅಧಿಕಾರಿಯಿಂದ ಅದು ಹುಟ್ಟಿತೆನ್ನುವುದು ಕಷ್ಟ. 'ಸಾವಂದಿ' ಎಂಬುದರ ಅರ್ಥವೇನೆಂಬುದನ್ನು ಶಾಸನ ಹೇಳುವುದಿಲ್ಲ, ಆದರೆ ಅದು ಆ ಕಾಲದಲ್ಲಿ ಆ ಸ್ಥಳದಲ್ಲಿ ನಿಂತು ಹೇಳಿದ ಸಾಕ್ಷಿ.

ಬೆಂಗಳೂರಿನ ಹೆಸರಿನ ಕಥೆಗೂ ಇದೇ ಪರೀಕ್ಷೆ ಸಲ್ಲುತ್ತದೆ. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂದಕಾಳೂರಾಯಿತು ಎಂಬ ಐತಿಹ್ಯವನ್ನು ಶಾಲೆಯ ಮಕ್ಕಳೂ ಬಲ್ಲರು, ಆದರೆ ಬೇಗೂರಿನ ಸುಮಾರು 890ರ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸಿ ಹೇಳುತ್ತದೆ, ಮತ್ತು ಆಗ ವೀರಬಲ್ಲಾಳ ಹುಟ್ಟಿಯೇ ಇರಲಿಲ್ಲ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದರೆ ಅದರ ಗೌರವಕ್ಕೆ ಕುಂದಿಲ್ಲ. ಚನ್ನಪಟ್ಟಣದ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಸ್ಥಾನದ ಅಂಬೆಗಾಲು ಕೃಷ್ಣನನ್ನು ಕಂಡು ಪುರಂದರದಾಸರು ಹಾಡಿದರೆಂಬ ನಂಬಿಕೆ ಭಕ್ತರ ಪಾಲಿಗೆ ಜೀವಂತವಾದದ್ದು, ಅದನ್ನು ಕೋಶವೊಂದು 'ಹೀಗೆ ನಂಬಿಕೆಯಿದೆ' ಎಂದು ದಾಖಲಿಸಿದರೆ ಕೋಶವೂ ಸರಿ, ಭಕ್ತರೂ ಸರಿ. ನಂಬಿಕೆಯ ಮಾತು ಯಾವಾಗ 'ಎನ್ನುತ್ತಾರೆ' ಎಂಬ ಪದವನ್ನು ಕಳಚಿಕೊಂಡು ಇಸವಿಯೊಡನೆ ಚರಿತ್ರೆಯ ಸಾಲಿನಲ್ಲಿ ಕೂರುತ್ತದೆಯೋ ಆಗ ಕೆಡುಕು ಆರಂಭವಾಗುತ್ತದೆ.

ಶಾಸನದ ಮಾತು ಓದುಗರಿಗೆ ತಲುಪಿದ ದಾರಿಯನ್ನೂ ನೋಡಬೇಕು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ಕಟ್ಟಿದ ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಮಾಲೆಯಲ್ಲಿ ಒಂಬತ್ತನೆಯದು ಬೆಂಗಳೂರು ಜಿಲ್ಲೆಯದು. ಅದು ಅಚ್ಚಾದದ್ದು 1905ರಲ್ಲಿ. ಚನ್ನಪಟ್ಟಣ, ಮಾಗಡಿ ಮತ್ತು ಆಗ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರದ ಶಾಸನಗಳು ಅದರಲ್ಲಿವೆ. ಇಂತಹ ಸಂಪುಟಕ್ಕೆ ಶಾಸನವನ್ನು ಸಂಗ್ರಹಿಸುವಾಗ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗೀರುಗಳೊಳಗೆ ಇಳಿಸಿ, ಮೇಲೆ ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರಗಳು ಬಿಳಿಯಾಗಿ, ಉಳಿದ ಮೈ ಕಪ್ಪಾಗಿ ಕಾಗದದ ಮೇಲೆ ಕಲ್ಲೇ ಮೂಡಿದಂತಾಗುತ್ತದೆ. ಹಾಗೆ ತೆಗೆದದ್ದನ್ನು ಓದಿ, ಪಾಠವನ್ನು ಕೊಟ್ಟು, ಅನುವಾದವನ್ನು ಬೇರೆಯಾಗಿ ಅಚ್ಚಿಸಿ, ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನಡಿ ಸಂಖ್ಯೆ ಕೊಟ್ಟು, ಅದು ಯಾವ ಊರಿನ ಯಾವ ಜಾಗದಲ್ಲಿತ್ತೆಂದು ಬರೆದಿರುವುದರಿಂದ ಓದುಗರು ಬೇಕಾದರೆ ಹೊರಟು ಆ ಕಲ್ಲಿನ ಮುಂದೆಯೇ ನಿಲ್ಲಬಹುದು. ಸುಮಾರು 9,000 ಶಾಸನಗಳನ್ನು ಹೀಗೆ ದಾಖಲಿಸಿದ ಈ ಮಾಲೆಯ ದೊಡ್ಡ ಗುಣವೇ ಇದು: ತನ್ನನ್ನು ತಪ್ಪೆಂದು ತೋರಿಸುವ ದಾರಿಯನ್ನು ತಾನೇ ತೆರೆದಿಟ್ಟಿದೆ. ರೈಸ್ ಅವರ ಓದಿನಲ್ಲಿ ದೋಷಗಳಿದ್ದವು, ಮುಂದಿನ ವಿದ್ವಾಂಸರು ತಿದ್ದಿದರು, 1970ರ ದಶಕದಿಂದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಆವೃತ್ತಿಯನ್ನೇ ಹೊರತರತೊಡಗಿತು. ರಸ್ತೆ, ಮನೆ, ಬಡಾವಣೆಗಳ ಭರದಲ್ಲಿ ಹಲವು ಕಲ್ಲುಗಳು ಇಂದು ಮೊದಲಿದ್ದ ಜಾಗದಲ್ಲಿಲ್ಲ. ಅಂತಹ ಕಡೆ ಶತಮಾನದ ಹಿಂದಿನ ಅಚ್ಚಿನ ಪಾಠವೇ ಉಳಿದ ಸಾಕ್ಷಿ. ಉಳಿದ ಕಲ್ಲುಗಳನ್ನು ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಮೂರು ಆಯಾಮದ ಸ್ಕ್ಯಾನ್ ಮೂಲಕ ಡಿಜಿಟಲ್ ರೂಪಕ್ಕೆ ತರುತ್ತಿದೆ, ಮತ್ತು ಕಣ್ಣಿಗೆ ಸವೆದಂತೆ ಕಾಣುವ ಅಕ್ಷರಗಳು ಆ ಚಿತ್ರಗಳಲ್ಲಿ ಓದಲು ಬರುವಷ್ಟು ಸ್ಪಷ್ಟವಾಗಬಲ್ಲವು.

ಇನ್ನು ಕನ್ನಡದ ದೊಡ್ಡ ಸಾಮಾನ್ಯ ಕೋಶವಾದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ವಿಚಾರ. ಇದರ ಹಿಂದಿನ ಶಕ್ತಿಗಳಲ್ಲಿ ಒಬ್ಬರು ಈ ಸೀಮೆಯವರೇ ಆದ, ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯಲ್ಲಿ ಹುಟ್ಟಿದ ದೇ. ಜವರೇಗೌಡರು; ಅವರು ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಮೊದಲ ಸಂಪುಟ 1969ರಲ್ಲಿ ಬಂತು, ಹದಿನಾಲ್ಕನೆಯದು 2004ರಲ್ಲಿ. ಪ್ರತಿ ಲೇಖನವನ್ನೂ ಆ ವಿಷಯ ಬಲ್ಲವರಿಂದ ಬರೆಸಿ, ಸಂಪಾದಕ ಮಂಡಳಿ ತಿದ್ದಿ, ಬರೆದವರ ಗುರುತನ್ನು ಲೇಖನದ ಕೊನೆಯಲ್ಲಿ ಕೊಡುವ ಶಿಸ್ತನ್ನು ಅದು ಕನ್ನಡಕ್ಕೆ ತಂದಿತು. ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲ ಪ್ರಪಂಚವನ್ನೂ ಮುಂದೆ ವಿಜ್ಞಾನ ಪ್ರಪಂಚವನ್ನೂ ಒಬ್ಬರೇ ಹೊತ್ತು ಬರೆದ ಭಾಷೆಯಲ್ಲಿ ಅಂತಹ ಸಂಸ್ಥೆಯ ಕೆಲಸ ಎಷ್ಟು ದೊಡ್ಡದೆಂಬುದನ್ನು ಒತ್ತಿ ಹೇಳಬೇಕಾಗಿದೆ. ಆದರೆ ಅಕಾರಾದಿಯಾಗಿ ಸಾಗುವ, ಮೂವತ್ತೈದು ವರ್ಷ ಹಿಡಿದ ಕೋಶಕ್ಕೆ ಒಂದೇ ವಯಸ್ಸು ಇರುವುದಿಲ್ಲ. ಅಕಾರದ ಸಂಗತಿಗಳು ಒಂದು ತಲೆಮಾರಿನವು, ಹಕಾರದವು ಇನ್ನೊಂದು ತಲೆಮಾರಿನವು. ಕೊನೆಯ ಸಂಪುಟವೂ ಮುಗಿದ ಮೂರು ವರ್ಷಗಳ ನಂತರ ಹುಟ್ಟಿದ ರಾಮನಗರ ಜಿಲ್ಲೆ ಮೂಲ ಆವೃತ್ತಿಯ ಯಾವ ಪುಟದಲ್ಲೂ ಇರಲಾರದು.

ಈ ನಾಲ್ಕು ತಾಲ್ಲೂಕುಗಳ ಬದುಕಾದ ರೇಷ್ಮೆಯಲ್ಲಿ ಕಾಲದ ಅಂತರ ಇನ್ನೂ ಹತ್ತಿರದಿಂದ ಕಾಣುತ್ತದೆ. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಮರಿ ಒಳಹೊಕ್ಕು, ಗೂಡನ್ನು ತೂತು ಮಾಡಿ ಕೆಡಿಸುವ ಊಜಿ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಪಶ್ಚಿಮ ಬಂಗಾಳದಿಂದ ತಂದ ಗೂಡುಗಳ ಜೊತೆಗೆ. 1970ರ ದಶಕದಲ್ಲಿ ಅಚ್ಚಾದ ರೇಷ್ಮೆಯ ಪುಸ್ತಕದಲ್ಲಿ ಅದನ್ನು ಇಲ್ಲಿಯ ಪೀಡೆಯೆಂದು ಹೇಳದಿದ್ದರೆ ಅದು ಲೇಖಕರ ಅಜ್ಞಾನವಲ್ಲ, ಆದರೆ ಇಂದು ಹುಳು ಮನೆಗೆ ಬಲೆ ಕಟ್ಟಬೇಕಾದ ರೈತರು ಆ ಪುಸ್ತಕವೊಂದನ್ನೇ ನಂಬಿದರೆ ಬೆಳೆ ಹೋಗುತ್ತದೆ. ಚನ್ನಪಟ್ಟಣ ತಾಲ್ಲೂಕಿನ ಕಣ್ವದ ಹೆಸರು ಹೊತ್ತ ಕಣ್ವ-2 ಎಂಬ ಹಿಪ್ಪುನೇರಳೆ ತಳಿಯನ್ನು ಹಳೆಯ ಬರಹಗಳು ಉತ್ತಮ ತಳಿಯೆಂದು ಹೇಳುತ್ತವೆ. ಆಮೇಲೆ ಬಂದ ವಿ-1 ತಳಿ ನೀರಾವರಿ ತೋಟಗಳಲ್ಲಿ ಅದರ ಜಾಗವನ್ನು ಬಹುಮಟ್ಟಿಗೆ ಹಿಡಿದಿದೆ. ಗೂಡಿನ ದರವಂತೂ ರಾಮನಗರದ ಮಾರುಕಟ್ಟೆಯಲ್ಲಿ ದಿನದಿನವೂ ಹರಾಜಿನಲ್ಲಿ ನಿಲ್ಲುವ ಸಂಗತಿ, ಅದಕ್ಕೆ ಅಚ್ಚಿನ ಪುಸ್ತಕ ಯಾವ ಕಾಲಕ್ಕೂ ಆಧಾರವಾಗಲಾರದು, ಅಂತರಜಾಲವೇ ಆಗಬೇಕು.

ಹಾಗೆಂದು ಹಳೆಯ ಪುಸ್ತಕವನ್ನು ಅಟ್ಟಕ್ಕೆ ಎಸೆಯುವವರು ಇನ್ನೊಂದು ತಪ್ಪು ಮಾಡುತ್ತಾರೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ 1807ರಲ್ಲಿ ಮೂರು ಸಂಪುಟಗಳಲ್ಲಿ ತನ್ನ ಪ್ರವಾಸವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗಾಗಿ ತಯಾರಾಗುತ್ತಿದ್ದ ಉಕ್ಕಿನ ತಂತಿಯನ್ನೂ ಅಲ್ಲಿಯ ಬಿಳಿ ಸಕ್ಕರೆಯನ್ನೂ ದಾಖಲಿಸಿದ. ನೂರು ವರ್ಷಗಳ ನಂತರದ ಗೆಜೆಟಿಯರ್‌ಗಳಲ್ಲೂ, ಅಂದರೆ ಪ್ರತಿ ಜಿಲ್ಲೆಯ ನೆಲ, ಬೆಳೆ, ಜನ, ಕಸುಬುಗಳನ್ನು ಸರ್ಕಾರ ಬರೆಯಿಸಿದ ಕೈಪಿಡಿಗಳಲ್ಲೂ, ಚನ್ನಪಟ್ಟಣದ ಅರಗಿನ ಸಾಮಾನು ಮತ್ತು ಆಟಿಕೆಗಳ ಜೊತೆಗೇ ಆ ಉಕ್ಕಿನ ತಂತಿಯೂ ಗಾಜಿನ ಬಳೆಯೂ ಹೆಸರಾಗಿವೆ. ಇಂದು ಚನ್ನಪಟ್ಟಣವೆಂದರೆ ಬೊಂಬೆ ಮಾತ್ರ. ವೀಣೆಗೆ ತಂತಿ ಎಳೆದ ಕೈಗಳು ಈ ಊರಿನಲ್ಲಿದ್ದವು ಎಂಬುದು ಆ ಹಳದಿ ಪುಟಗಳಿಲ್ಲದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸದಾ ತಿದ್ದಿಕೊಳ್ಳುವ ಪುಟ ಇಂದಿನದನ್ನು ಹೇಳುತ್ತಾ ನಿನ್ನೆಯದನ್ನು ಅಳಿಸಿಬಿಡಬಹುದು, ಅಚ್ಚಿನ ಪುಟ ನಿಂತಲ್ಲೇ ನಿಂತು ತನ್ನ ಕಾಲವನ್ನು ಕಾಯುತ್ತದೆ.

ಆಟಿಕೆಯ ಮೂಲದ ಬಗ್ಗೆ ಅಂತರಜಾಲ ಹೇಳುವುದನ್ನು ನೋಡಿದರೆ ಅಲ್ಲಿಯ ಮುಖ್ಯ ದೋಷ ಎಂತಹದೆಂಬುದು ಸ್ಪಷ್ಟವಾಗುತ್ತದೆ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಚನ್ನಪಟ್ಟಣದವರಿಗೆ ಈ ವಿದ್ಯೆ ಕಲಿಸಿದನೆಂಬ ಮಾತು ನೂರಾರು ಪುಟಗಳಲ್ಲಿ ಹೆಚ್ಚುಕಡಿಮೆ ಅದೇ ಪದಗಳಲ್ಲಿ ಸಿಗುತ್ತದೆ. ಅದು ನಿಜವೇ ಇರಬಹುದು. ಆದರೆ ಬಹುತೇಕ ಬರಹಗಳು ಟಿಪ್ಪುವಿನ ಕಾಲದ ಕಾಗದಪತ್ರವೊಂದನ್ನು ಹೆಸರಿಸದೆ, ಒಂದು ಇನ್ನೊಂದನ್ನು ತೋರಿಸುತ್ತಾ ಹೋಗುತ್ತವೆ, ಹೀಗಾಗಿ ನೂರು ಪುಟಗಳನ್ನು ಸೇರಿಸಿದರೂ ಒಂದೇ ಸಾಕ್ಷಿಯ ಭಾರ. ಸಾವನದುರ್ಗ ಏಷ್ಯಾದಲ್ಲೇ ಅತಿ ದೊಡ್ಡ ಏಕಶಿಲೆ ಎಂಬ ಹೆಗ್ಗಳಿಕೆಯ ಮಾತನ್ನೂ ಹೀಗೆಯೇ ಕೇಳಿ ನೋಡಬೇಕು: ಅಳೆದವರು ಯಾರು, ಎತ್ತರವನ್ನೋ ಸುತ್ತಳತೆಯನ್ನೋ, ಯಾವ ಬೆಟ್ಟಗಳೊಡನೆ ಹೋಲಿಸಿ? 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಕೊಆಟಿ ಎಂಬ ಪ್ರಾಣಿಯ ಬಗೆಗಿನ ಇಂಗ್ಲಿಷ್ ವಿಕಿಪೀಡಿಯ ಲೇಖನದಲ್ಲಿ ತಮಾಷೆಗಾಗಿ ಅದಕ್ಕೆ 'ಬ್ರೆಜಿಲಿನ ಆರ್ಡ್‌ವಾರ್ಕ್' ಎಂಬ ಇಲ್ಲದ ಹೆಸರನ್ನು ಸೇರಿಸಿದ. ಪತ್ರಿಕೆಗಳು ಅದನ್ನು ನೋಡಿ ಬರೆದವು, ಆಮೇಲೆ ಆ ಪತ್ರಿಕೆಗಳನ್ನೇ ವಿಕಿಪೀಡಿಯದಲ್ಲಿ ಆಧಾರವೆಂದು ಕೊಡಲಾಯಿತು. ಸುಳ್ಳು ಒಂದು ಸುತ್ತು ಹೊಡೆದು ಬಂದು ತನಗೆ ತಾನೇ ಸಾಕ್ಷಿ ಹೇಳಿದ ಉದಾಹರಣೆಯಿದು.

ಇಷ್ಟರಿಂದ ಆನ್‌ಲೈನ್ ಕೋಶಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ನೇಚರ್ ಎಂಬ ವಿಜ್ಞಾನ ಪತ್ರಿಕೆ 2005ರಲ್ಲಿ 42 ವಿಜ್ಞಾನ ವಿಷಯಗಳ ಲೇಖನಗಳನ್ನು ವಿಕಿಪೀಡಿಯದಿಂದಲೂ ಬ್ರಿಟಾನಿಕ ವಿಶ್ವಕೋಶದಿಂದಲೂ ಆಯ್ದು, ಯಾವುದು ಎಲ್ಲಿಯದೆಂದು ಹೇಳದೆ ತಜ್ಞರ ಮುಂದಿಟ್ಟಾಗ ಸರಾಸರಿ ಲೇಖನವೊಂದಕ್ಕೆ ವಿಕಿಪೀಡಿಯದಲ್ಲಿ ಸುಮಾರು ನಾಲ್ಕು, ಬ್ರಿಟಾನಿಕದಲ್ಲಿ ಸುಮಾರು ಮೂರು ದೋಷಗಳು ಕಂಡವು. ಬ್ರಿಟಾನಿಕ ಆ ಪರೀಕ್ಷೆಯ ಕ್ರಮವನ್ನೇ ಬಲವಾಗಿ ಆಕ್ಷೇಪಿಸಿತು. ಪತ್ರಿಕೆ ತನ್ನ ಮಾತಿಗೆ ನಿಂತಿತು. 2012ರಲ್ಲಿ ಬ್ರಿಟಾನಿಕ ತನ್ನ 244 ವರ್ಷಗಳ ಅಚ್ಚಿನ ಆವೃತ್ತಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಆದರೆ ಇಂಗ್ಲಿಷಿನ ಆ ಲೆಕ್ಕವನ್ನು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಹಾಗೆಯೇ ಅನ್ವಯಿಸಲಾಗದು. ವಿಕಿಪೀಡಿಯದ ಬಲವೆಲ್ಲ ತಪ್ಪನ್ನು ಕಂಡೊಡನೆ ತಿದ್ದುವ ಕಣ್ಣುಗಳ ಸಂಖ್ಯೆಯಲ್ಲಿದೆ, ಚಂದ್ರಗ್ರಹಣದ ಲೇಖನವನ್ನು ಸಾವಿರ ಜನ ನೋಡಿದರೆ ಮಾಡಬಾಳ್ ಊರಿನ ಲೇಖನವನ್ನು ನೋಡುವವರು ಬೆರಳೆಣಿಕೆಯಷ್ಟು. 2010ರ ಸುಮಾರಿಗೆ ಗೂಗಲ್ ಸಂಸ್ಥೆಯ ಅನುವಾದ ಯೋಜನೆಯಿಂದ ಭಾರತದ ಹಲವು ಭಾಷೆಗಳ ವಿಕಿಪೀಡಿಯಗಳಿಗೆ, ಕನ್ನಡಕ್ಕೂ, ದೊಡ್ಡ ದೊಡ್ಡ ಲೇಖನಗಳು ಬಂದು ಬಿದ್ದವು. ಕನ್ನಡವೆನ್ನಲಾಗದ ವಾಕ್ಯಗಳನ್ನು ಸರಿಪಡಿಸುವ ಹೊರೆ ಕೆಲವೇ ಸ್ವಯಂಸೇವಕರ ಹೆಗಲಿಗೇರಿತು. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ, ಅಂದರೆ ಯಾರು ಬೇಕಾದರೂ ಮೂಲವನ್ನು ಹೆಸರಿಸಿ ಬಳಸಬಹುದಾದ ಹಕ್ಕಿನೊಡನೆ, ಬಿಡುಗಡೆ ಮಾಡಿದ್ದು ಇದಕ್ಕೆ ಉತ್ತಮ ಉತ್ತರವಾಗಿತ್ತು. ತಜ್ಞರು ಬರೆದದ್ದನ್ನು ಅಂತರಜಾಲಕ್ಕೆ ಏರಿಸಿ, ಹಳತಾದದ್ದನ್ನು ಅಲ್ಲೇ ತಿದ್ದುವ ಅವಕಾಶ ಅದರಿಂದ ಒದಗಿತು, ಅದನ್ನು ಕನ್ನಡಿಗರು ಇನ್ನೂ ಪೂರ್ತಿ ಬಳಸಿಕೊಂಡಿಲ್ಲ.

ವಿಕಿಪೀಡಿಯದ ಪ್ರತಿ ಲೇಖನದ ಹಿಂದೆ 'ಇತಿಹಾಸ' ಎಂಬ ಪುಟವಿದೆ, ಮತ್ತು ಅದನ್ನು ಒಮ್ಮೆಯೂ ತೆರೆಯದ ಓದುಗರೇ ಹೆಚ್ಚು. ಯಾವ ವಾಕ್ಯ ಯಾವ ದಿನ ಸೇರಿತು, ಯಾರು ತೆಗೆದರು, ಮತ್ತೆ ಯಾರು ಹಾಕಿದರು ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಯಾವ ಅಚ್ಚಿನ ಕೋಶವೂ ತನ್ನ ಸಂಪಾದಕರ ಮೇಜಿನ ಮೇಲಿನ ಜಗಳವನ್ನು ಹೀಗೆ ಓದುಗರ ಮುಂದೆ ಹರಡಿದ್ದಿಲ್ಲ. ಅದಕ್ಕೆ ಹೋಲಿಸಿದರೆ, ಕೃತಕ ಬುದ್ಧಿಮತ್ತೆಯ ಯಂತ್ರಗಳು ಆಧಾರ ತೋರಿಸದೆ ಕೊಡುವ ನುಣುಪಾದ ಉತ್ತರದಲ್ಲಿ ಹಿಂದಕ್ಕೆ ನಡೆಯುವ ದಾರಿಯೇ ಇರುವುದಿಲ್ಲ, ಮತ್ತು ಇಂಗ್ಲಿಷಿನಲ್ಲೂ ಹೆಚ್ಚು ಬರಹವಿಲ್ಲದ ಕನಕಪುರ, ಮಾಗಡಿಗಳಂತಹ ಸೀಮೆಯ ವಿಚಾರದಲ್ಲಿ ಅಂತಹ ಉತ್ತರವನ್ನು ಹೆಚ್ಚು ಎಚ್ಚರದಿಂದ ಓದಬೇಕಾಗುತ್ತದೆ.

ತಜ್ಞರ ಮಾತಿಗೆ ಏಕೆ ಬೆಲೆ ಕೊಡಬೇಕೆಂಬುದಕ್ಕೆ ರಾಮನಗರದ ರಾಮದೇವರ ಬೆಟ್ಟದ ಮೇಲೆ ಹಾರುವ ರಣಹದ್ದುಗಳೇ ಸಾಕು. ಉದ್ದ ಕೊಕ್ಕಿನ ರಣಹದ್ದುಗಳ ನೆಲೆಯೆಂದು 2012ರಲ್ಲಿ ಇಲ್ಲಿ ಅಭಯಾರಣ್ಯ ಘೋಷಣೆಯಾಯಿತು. 1990ರ ದಶಕದಲ್ಲಿ ಭಾರತದಾದ್ಯಂತ ರಣಹದ್ದುಗಳು ಇದ್ದಕ್ಕಿದ್ದಂತೆ ಕಾಣೆಯಾದಾಗ ದನದ ಹೆಣ ಬಿದ್ದರೂ ಹದ್ದು ಇಳಿಯುತ್ತಿಲ್ಲವೆಂಬುದನ್ನು ಮೊದಲು ಕಂಡವರು ಹಳ್ಳಿಯವರು, ಆದರೆ ಕಾರಣ ಅವರ ಕಣ್ಣಿಗೆ ನಿಲುಕುವಂಥದ್ದಾಗಿರಲಿಲ್ಲ. ವಿಜ್ಞಾನಿಗಳು ಮೊದಲು ಸಾಂಕ್ರಾಮಿಕ ರೋಗವಿರಬಹುದೆಂದು ಶಂಕಿಸಿದರು, ಅದು ತಪ್ಪಾಗಿತ್ತು. ಸತ್ತ ಹದ್ದುಗಳನ್ನು ಕೊಯ್ದು ಮೂತ್ರಪಿಂಡಗಳನ್ನು ಪರೀಕ್ಷಿಸಿ, ದನಗಳಿಗೆ ನೋವು ನಿವಾರಣೆಗೆ ಕೊಡುವ ಡೈಕ್ಲೋಫೆನಾಕ್ ಔಷಧಿಯೇ ವಿಷವಾಗುತ್ತಿದೆ ಎಂಬುದನ್ನು 2004ರಲ್ಲಿ ಪ್ರಕಟಿಸಿದರು, 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ತಮ್ಮ ಮೊದಲ ಊಹೆಯನ್ನು ಎಲ್ಲರ ಕಣ್ಣೆದುರಿಗೇ ಕೈಬಿಟ್ಟು, ಇನ್ನೊಬ್ಬರು ಮತ್ತೆ ಮಾಡಿ ನೋಡಬಹುದಾದ ಪರೀಕ್ಷೆಯ ಮೇಲೆ ಹೊಸ ಮಾತನ್ನು ನಿಲ್ಲಿಸಿದ್ದರಿಂದಲೇ ಅವರ ಮಾತು ನಂಬಿಕೆಗೆ ಅರ್ಹವಾಯಿತು.

ತಜ್ಞರು ಕೊಟ್ಟ ಹೆಸರುಗಳೂ ಕೆಲಸಕ್ಕೆ ಬರುತ್ತವೆ. ಚನ್ನಪಟ್ಟಣದ ಆಟಿಕೆ ಮಾಡುವ ಮರವನ್ನು ಆಲೆ ಮರವೆಂದೂ ಹಾಲೆ ಮರವೆಂದೂ ಕರೆಯುತ್ತಾರೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ದಿನ ತೊಗಟೆಯ ಕಷಾಯ ಕುಡಿಯುವ ಹಾಲೆ ಬೇರೆಯದೇ ಮರ. ಮೊದಲನೆಯದು ರೈಟಿಯ ಟಿಂಕ್ಟೋರಿಯ, ಎರಡನೆಯದು ಆಲ್ಸ್ಟೋನಿಯ ಸ್ಕೊಲಾರಿಸ್ ಎಂಬ ಸಸ್ಯಶಾಸ್ತ್ರದ ಹೆಸರುಗಳು ಗೊತ್ತಿಲ್ಲದವರು ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಿ ಬರೆಯುವುದು ಸುಲಭ. ಆದರೆ ಆ ಮರದ ತುಂಡು ಎಷ್ಟು ಒಣಗಿದೆಯೆಂದು ಬೆರಳಿನಿಂದ ತಟ್ಟಿ ಹೇಳುವ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಎಷ್ಟು ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಬಣ್ಣ ಸಮನಾಗಿ ಹರಡುತ್ತದೆಯೆಂದು ಬಲ್ಲ, ಕೊನೆಗೆ ತಾಳೆಗರಿಯಿಂದ ಹೊಳಪು ತರುವ ಕುಶಲಕರ್ಮಿಯ ತಿಳಿವು ಯಾವ ಪದವಿಯ ಪತ್ರದಲ್ಲೂ ಇಲ್ಲ. ಈ ಆಟಿಕೆಗಳಿಗೆ ಭೌಗೋಳಿಕ ಗುರುತು, ಅಂದರೆ ಈ ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾನೂನಿನ ರಕ್ಷಣೆ, ದೊರೆತಿದೆ. ಆ ರಕ್ಷಣೆಯ ಹಿಂದಿರುವುದು ಇದೇ ಕೈಗಳ ತಿಳಿವು. ಐಎಎಸ್ ಅಧಿಕಾರಿಯಾಗಿದ್ದ ಎಚ್. ಎಲ್. ನಾಗೇಗೌಡರು ವಿದೇಶಿ ಪ್ರವಾಸಿಗಳ ಬರಹಗಳನ್ನು 'ಪ್ರವಾಸಿ ಕಂಡ ಇಂಡಿಯಾ' ಮಾಲೆಯಲ್ಲಿ ಕನ್ನಡಕ್ಕೆ ತಂದವರು; ಅವರೇ ರಾಮನಗರದ ಬಳಿ 1994ರಲ್ಲಿ ಜಾನಪದ ಲೋಕವನ್ನು ತೆರೆದದ್ದು ಈ ಎರಡು ಬಗೆಯ ತಿಳಿವುಗಳಿಗೂ ಒಂದೇ ಗೌರವ ಸಲ್ಲಬೇಕೆಂಬ ಅರಿವಿನಿಂದ.

ತಜ್ಞರಲ್ಲೂ ಒಮ್ಮತ ಇರದ ಕಡೆ ಓದುಗರು ತಾಳ್ಮೆ ಕಳೆದುಕೊಳ್ಳಬಾರದು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವ ಸಮಾಧಿ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಮಾಗಡಿಯ ಹಿರಿಯ ಕೆಂಪಯ್ಯಗೌಡರು ಕುಣಿಗಲಿನ ವ್ಯಾಜ್ಯ ಬಗೆಹರಿಸಿ ಹಿಂದಿರುಗುವಾಗ ಕಾಳಗದಲ್ಲಿ ಮಡಿದ ಸ್ಥಳವಿದೆಂದು ಅಲ್ಲಿಯ ಬರಹ ಹೇಳುತ್ತದೆ, ಮತ್ತು 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿಯೇ ಇದೆಂಬ ಮಾತು ಕೂಡಲೇ ಎಲ್ಲ ಕಡೆ ನಿಂತಿತು. ಆ ವಂಶದಲ್ಲಿ ಕೆಂಪೇಗೌಡ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು. 'ಹಿರಿಯ' ಎಂಬುದು ಯಾರಿಗೆ ಹೋಲಿಸಿ ಹೇಳಿದ ಮಾತೆಂಬುದನ್ನು ಬಿಡಿಸಬೇಕು. 1638ರಲ್ಲಿ ಬೆಂಗಳೂರು ಬಿಜಾಪುರದ ಸೈನ್ಯದ ವಶವಾದ ಮೇಲೆ ವಂಶದ ಕೇಂದ್ರ ಮಾಗಡಿಯಾದದ್ದರಿಂದ 'ಮಾಗಡಿಯ' ಎಂಬ ವಿಶೇಷಣವನ್ನೂ ತೂಗಿ ನೋಡಬೇಕು. ಲಿಪಿಯ ಕಾಲವನ್ನು ಅಕ್ಷರದ ತಿರುವುಗಳಿಂದ ಗೊತ್ತುಮಾಡಬೇಕು. ಈ ಕೆಲಸ ನಿಧಾನದ್ದು, ನಾಡಪ್ರಭುವಿನ ಮೇಲಿನ ಅಭಿಮಾನಕ್ಕೆ ಅದು ಅಡ್ಡಿಯೂ ಅಲ್ಲ.

ರಾಮನಗರಕ್ಕೆ ಮೊದಲಿದ್ದ ಕ್ಲೋಸ್‌ಪೇಟೆ ಎಂಬ ಹೆಸರು ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಊರು ಆ ಹೆಸರನ್ನು ಬಿಟ್ಟು ದಶಕಗಳೇ ಕಳೆದರೂ, ಇಲ್ಲಿಯ ಗುಲಾಬಿ ಮತ್ತು ಬೂದು ಬಣ್ಣದ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ, ಏಕೆಂದರೆ ಆ ಹೆಸರಿನಲ್ಲಿ ನೂರು ವರ್ಷಗಳ ಅಧ್ಯಯನ ಕೂಡಿಬಿದ್ದಿದೆ, ಹೆಸರು ಬದಲಾದರೆ ಹಳೆಯ ಬರಹಕ್ಕೂ ಹೊಸ ಬರಹಕ್ಕೂ ನಡುವಿನ ಕೊಂಡಿ ಕಳಚುತ್ತದೆ. ರಾಮದೇವರ ಬೆಟ್ಟದ ಬುಡದ ಶಾಲೆಯಲ್ಲಿ ಓದುವ ಮಗು ತನ್ನ ಕಾಲಡಿಯ ಬಂಡೆಯ ವಿಚಾರ ತಿಳಿಯಲು ಗ್ರಂಥಾಲಯದ ಸೂಚಿಯಲ್ಲಾಗಲಿ ಮೊಬೈಲಿನಲ್ಲಾಗಲಿ ಹುಡುಕುವಾಗ ರಾಮನಗರ ಎಂಬ ಹೆಸರಿನ ಜೊತೆಗೆ ತನ್ನ ಮುತ್ತಜ್ಜಂದಿರು ಪತ್ರಗಳ ಮೇಲೆ ಬರೆಯುತ್ತಿದ್ದ ಆ ಹೆಸರನ್ನೂ ಬರೆಯಬೇಕಾಗುತ್ತದೆ.